ಪರದೆ ಗುಡಿಸಿದವಳು

ಪಾಳ್ಯದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿ ಪಕ್ಕದವಳಿಗೆ ಲೆಕ್ಕ ಒಪ್ಪಿಸುತ್ತಿದ್ದಳು.

"ಕಂಪ್ಯೂಟರ್ ಕ್ಲಾಸಿಗೆ ಮೂರು ಸಾವಿರ, ಮೇಲೆ ಇಪ್ಪತ್ತು ದಿನದ ಕೂಲಿ ಹೋಯ್ತು. ಅಷ್ಟಾದ್ಮೇಲೆ ಎಸ್ಟೇಟ್ ಆಫೀಸ್ ಸೇರಿದ್ದೆ ಕಣಕ್ಕ."

"ಮತ್ಯಾಕೆ ಬಿಡಿಸಿದ್ರು ಚಂದ್ರಿಕಾ?"

"ಸಂಜೆ ಕಾಫಿ ಕಣ ಗುಡಿಸ್ತೀವಲ್ಲ, ಹಂಗೇ ಕಂಪ್ಯೂಟರ್ ಪರದೆ ಮೇಲಿದ್ದ ಫೈಲೆಲ್ಲ ಎಳ್ದು ಅದರದ್ದೇ ಕಸದ ಬುಟ್ಟಿಗೆ ಹಾಕ್ಬುಟ್ಟೆ."

"ಅಯ್ಯೋ ನಿನ್ನ! ಎಲ್ಲಾ ಹೋಯ್ತಾ?"

"ಎಲ್ಲಿಗೋಯ್ತದೆ? ಬುಟ್ಟೀಲೇ ಇತ್ತು. ಆಫೀಸಲ್ಲಿ ಲೆಕ್ಕ ಬರೆಯೋ ರೈಟರ್ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು, ನಾನೇ ಒಂದೊಂದಾಗಿ ವಾಪಸ್ ತಂದಿಟ್ಟೆ. ಹತ್ತು ವರ್ಷದಿಂದ ಕೂತಿದೀರಿ, ಇಷ್ಟೂ ಗೊತ್ತಿಲ್ವಾ ಅಂದೆ. ಅಂದಿದ್ದಕ್ಕೇ ನಾಳೆಯಿಂದ ಬರಬೇಡ ಅಂದ್ರು!"

"ಅವರನ್ನಲ್ವೇನೇ ಕ್ಲಾಸಿಗೆ ಕಳಿಸ್ಬೇಕಾಗಿದ್ದು!"

ಸ್ಟಾಪ್ ಬಂತು. ಚಂದ್ರಿಕಾ ಬ್ಯಾಗ್ ಎತ್ತಿಕೊಂಡು ಎದ್ದಳು.

"ಒಂದು ಫೈಲೂ ಹೋಗ್ಲಿಲ್ಲ ಕಣಕ್ಕ, ನನ್ನ ಕೆಲಸ ಹೋಯ್ತು," ಎನ್ನುತ್ತಲೇ ಇಳಿದಳು.