ಋಷಿಗೆ ಹೊದಿಸುವ ಶಾಲು

ಮಾನ್ಯ ಅಧ್ಯಕ್ಷರಾದ ಬಾಲಕೃಷ್ಣ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಮೂಗನ್ನು ಊಟದ ಕಡೆಗೂ ಕಣ್ಣನ್ನು ನನ್ನ ಕಡೆಗೂ ಇಟ್ಟು ಕುಳಿತಿರುವ ವುಲ್ವರ್‌ಹ್ಯಾಂಪ್ಟನ್ನಿನ ಕನ್ನಡ ಸಭಿಕರೇ,

ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾದ ನನ್ನ ಮಗ ಋಷಿಗೆ ಇವತ್ತು ಸನ್ಮಾನ. "ದಾಕ್ಷಾಯಣಿ ಮೇಡಂ, ಶಾಲು ನೀವೇ ಹೊದಿಸಿ, ಎರಡು ಮಾತೂ ಆಡಿ" ಎಂದರು ಅಧ್ಯಕ್ಷರು. ನಾನು ಜಿ.ಪಿ., ಇಲ್ಲಿಯ ಬಡಾವಣೆ ಡಾಕ್ಟರು. ಹತ್ತು ನಿಮಿಷದ ಮೇಲೆ ಯಾವ ರೋಗಿಯನ್ನೂ ಕೂರಿಸಿಕೊಂಡವಳಲ್ಲ. ಹೆದರಬೇಡಿ.

ಶಾಲು ಎಂದ ಕೂಡಲೇ ಇನ್ನೊಂದು ಶಾಲು ನೆನಪಾಯಿತು. ಮೈಸೂರಿನಲ್ಲಿ ನಾನು ಡಾಕ್ಟರಾದಾಗ ನಮ್ಮ ಬೀದಿಯವರು ಹೊದಿಸಿದ್ದು. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ದಕ್ಷಿಣ ಇರಾಕಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದೆ. ಕುವೈತಿನ ಸಲುವಾಗಿ ಅಮೆರಿಕದವರೊಡನೆ ತೊಂಬತ್ತೊಂದರ ಯುದ್ಧ ಬಂತು. ಕೊನೆಗೆ ಕದನವಿರಾಮವೆಂದು ರೇಡಿಯೋದಲ್ಲಿ ಹೇಳಿದರು. ಇದ್ದಬದ್ದ ರವೆಯಲ್ಲಿ ಕೇಸರಿಬಾತು ಮಾಡಿ ವಾರ್ಡಿಗೆಲ್ಲ ಹಂಚಿದೆ. ಮುಗಿಯಿತಲ್ಲ ಎಂದು ಎಷ್ಟು ಸಂತೋಷಪಟ್ಟೆವು, ಗೊತ್ತೆ?

ಅದಾಗಿ ಒಂದೆರಡು ದಿನಕ್ಕೆ ಸುಟ್ಟವರು ಬರತೊಡಗಿದರು. ಸಾಲಾಗಿ ಹಿಂದಿರುಗುತ್ತಿದ್ದ ಇರಾಕಿ ಪಡೆಯ ಮೇಲೆ ಅಮೆರಿಕದವರ ಹೆಲಿಕಾಪ್ಟರು, ಟ್ಯಾಂಕುಗಳು ಎರಗಿದ್ದವು. ಮೊದಲು ಗುಂಡು ಹಾರಿಸಿದ್ದು ಇರಾಕಿಗಳೇ ಎಂದು ಅಮೆರಿಕದವರು, ಇಲ್ಲವೆಂದು ಇರಾಕಿಗಳು. ಆ ವಾದ ಇವತ್ತಿಗೂ ಮುಗಿದಿಲ್ಲ. ನಾನು ಅಲ್ಲಿರಲಿಲ್ಲ, ತೀರ್ಪು ಕೊಡುವವಳೂ ಅಲ್ಲ. ನಾನು ಕಂಡದ್ದು ಸುಟ್ಟ ಬೆನ್ನುಗಳನ್ನು. ಒಬ್ಬ, "ಡಾಕ್ಟ್ರೇ, ಟ್ಯಾಂಕನ್ನ ಲಾರಿ ಮೇಲೆ ಹೇರ್ಕೊಂಡು ಮನೆಗೆ ಹೊರಟಿದ್ವಿ. ಯುದ್ಧ ಮುಗೀತು ಅಂದಿದ್ರಲ್ಲ?" ಎಂದು ಕೇಳುತ್ತಲೇ ಇದ್ದ. ಚಳಿ ಎನ್ನುತ್ತಿದ್ದ. ಕಂಬಳಿ ಮುಗಿದಿತ್ತು. ಬ್ಯಾಂಡೇಜಿನ ಮೇಲೆ ನನ್ನ ಶಾಲು ಹೊದಿಸಿದೆ. ಅದರಲ್ಲೇ ಅವನನ್ನು ಮಣ್ಣು ಮಾಡಿದರು.

ಇದನ್ನು ಋಷಿಗೆ ಹೇಳಿದ್ದು ಕಳೆದ ವಾರ. ಅವನು ಆ ಘಟನೆಯನ್ನು ಮೊದಲೇ ಓದಿಕೊಂಡಿದ್ದ. "ಅಮ್ಮಾ, ಇಟ್ ವಾಸ್ ವಿದಿನ್ ದ ರೂಲ್ಸ್" ಎಂದ. ಯುದ್ಧದ ನಿಯಮ ಮೀರಿರಲಿಲ್ಲವಂತೆ. ಇರಬಹುದು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಮಗನಿಗೆ ಗುಂಡು ತಗುಲೀತೆಂದು ಎಲ್ಲ ತಾಯಂದಿರೂ ಹೆದರುತ್ತಾರೆ. ನನ್ನ ಮಗನೇ ಹಾರಿಸುವವನಾದರೆ? ಅದಕ್ಕೆ ಯಾವ ದೇವರಿಗೆ ಹರಕೆ ಹೊರಲಿ?

ಋಷಿ, ಇಲ್ಲಿ ಬಾ. ಹೋಗಬೇಡ ಎನ್ನುವುದಿಲ್ಲ, ಆ ಮಾತಿನ ಕಾಲ ಮುಗಿಯಿತು. ಆದರೆ ಮನೆಗೆ ಹೊರಟವನ ಬೆನ್ನು ಕಣ್ಣಿಗೆ ಬಿದ್ದ ದಿನ, ರೂಲ್ಸ್ ಒಪ್ಪಿದರೂ ನೀನು ಒಪ್ಪಬೇಡ. ಆ ಮಾತು ಕೊಡು. ಮನೆಯಲ್ಲಿ ಕೇಳಿದರೆ ಜಾರಿಕೊಳ್ಳುತ್ತೀಯೆಂದೇ ಇಷ್ಟು ಜನರೆದುರು ಕೇಳುತ್ತಿದ್ದೇನೆ.

ಸಭಿಕರೇ, ಅವನು ತಲೆ ಬಗ್ಗಿಸಿದ್ದಾನೆ. ಒಪ್ಪಿಯೋ, ಶಾಲಿಗಾಗಿಯೋ, ಹೆತ್ತವಳಿಗೂ ಗೊತ್ತಾಗುತ್ತಿಲ್ಲ. ಊಟ ಆರಿದರೂ ಎದ್ದುಹೋಗದೆ ಕೇಳಿದಿರಿ, ನಿಮಗೆಲ್ಲ ಧನ್ಯವಾದ. ಚಪ್ಪಾಳೆ ಸ್ವಲ್ಪ ತಡೆಯಿರಿ, ಅವನು ಏನಾದರೂ ಹೇಳಿದರೆ ನನಗೆ ಕೇಳಿಸಬೇಕು. ನಮಸ್ಕಾರ.