ಮೂಲೆಯ ಪೆಟ್ಟಿಗೆ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಶವಪೆಟ್ಟಿಗೆ ಮಾಡುವ ಬಡಗಿಯೂ ಅವನ ಹೆಂಡತಿಯೂ ಸರದಿಗೆ ಕಾಯುತ್ತಿದ್ದರು.

"ಕೆಮ್ಮು ನಿಂತಿದೆ ಕಣೇ. ಮನೆಗೆ ಹೋಗೋಣ."

"ಬೆಳಿಗ್ಗೆ ರಕ್ತ ಬಿತ್ತಲ್ಲ?"

"ಗಂಟಲಿಗೆ ಮರದ ಪುಡಿ ಹೋಗಿರುತ್ತೆ."

"ಅಂಗಡಿ ಮೂಲೇಲಿ ಒಂದು ಪೆಟ್ಟಿಗೆ ಮಾಡಿಟ್ಟಿದ್ದೀರಲ್ಲ, ಯಾರಿಗೆ ಅದು?"

"ಯಾರಿಗೂ ಇಲ್ಲ. ಒಳ್ಳೇ ಹಲಗೆ ಮಿಕ್ಕಿತ್ತು, ಸುಮ್ನೆ ಮಾಡ್ದೆ."

"ಸುಮ್ನೆ ಮಾಡೋಕೆ ಅಷ್ಟುದ್ದ ಯಾಕೆ ರೀ?"

"ಉದ್ದ ಇರೋರು ಯಾರಾದ್ರೂ ಬರ್ತಾರೆ ಬಿಡು."

"ನಮ್ಮ ಬೀದೀಲಿ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರೋರು ನೀವೊಬ್ರೇ."

"ಊರು ದೊಡ್ಡದಿದೆ ಕಣೇ."

ನರ್ಸ್ ಅವರ ನಂಬರು ಕೂಗಿದಳು. ಅವನು ಆಗಲೇ ಎದ್ದು, ಹೊರಬಾಗಿಲಲ್ಲಿ ತಲೆ ಬಗ್ಗಿಸಿ ಬೀದಿಗಿಳಿದಿದ್ದ. ಹೆಂಡತಿ ಚೀಟಿಯನ್ನು ನನ್ನ ಕೈಗಿಟ್ಟಳು.

"ನೀವಾದ್ರೂ ಡಾಕ್ಟರ ಹತ್ರ ಹೋಗಿ," ಎಂದು ಅವನ ಹಿಂದೆ ಓಡಿದಳು.

ನಾನು ಏಳಲಿಲ್ಲ; ನನ್ನ ನಂಬರು ಕೂಗಿದಾಗಲೂ ಎದ್ದಿರಲಿಲ್ಲ.