ಸ್ಟಾರ್ಟಾಗದ ಜೀಪು

ನಗಬ್ಯಾಡ ಕಣಯ್ಯ ಸಿದ್ದಯ್ಯ, ದೇವ್ರಾಣೆ ಸ್ಟಾರ್ಟಾಗ್ತಿಲ್ಲ! ಕೀ ತಿರುಗ್ಸಿದ್ರೆ ಉಸ್ರೇ ಇಲ್ಲ. ಅದ್ಕೇ ನಿನ್ ಗ್ಯಾರೇಜ್ ಪಕ್ಕದ ಎಸ್‌ಟಿಡಿ ಬೂತಿಗೆ ಪೋನ್ ಮಾಡ್ಸಿದ್ದು. ನಂಜನಗೂಡಿಂದ ಸೋಸ್ಲೆಗೆ ಬಸ್ಸು ಬದಲಾಯ್ಸ್ಕಂಡು ಬಂದಿದೀಯ, ಮೊದ್ಲು ಮಜ್ಜಿಗೆ ಕುಡಿ... ಏ, ಬಾನೆಟ್ಟು ಆಮೇಲೆ ಎತ್ತುವಂತೆ! ಅದೆಲ್ಲಿಗೋಯ್ತದೆ? ಕೂತ್ಕೊ.

ಕೂರಲ್ವಾ? ಸರಿ, ನಿಂತ್ಕಂಡೇ ಕುಡಿ.

ಅಲ್ನೋಡು, ಇಂಜಿನ್ ಬದ್ಲಾಯ್ಸುವಾಗ ನೀನು ಚೈನ್‌ಪುಲ್ಲಿ ಕಟ್ಟಿದ್ಯಲ್ಲ ಹುಣಸೇಮರಕ್ಕೆ, ಆ ಕೊಂಬೆ ಸಿಪ್ಪೆ ಇನ್ನೂ ಕೂಡಿಲ್ಲ. ನಮ್ಮಪ್ಪನ ಕಾಲದ ಪೆಟ್ರೋಲ್ ಇಂಜಿನ್ನ ಅದ್ರಲ್ಲೇ ಮೇಲಕ್ಕೆತ್ತಿದ್ದು ಕಣಯ್ಯ. ಆಮೇಲೆ ಹಳೇ ಮೆಟಡಾರ್ ವ್ಯಾನಿಂದು ಡೀಸೆಲ್ ಇಂಜಿನ್ನು ಇಳಿಸಿದ್ರೆ, ಕೂರ್ಲೇ ಇಲ್ವಲ್ಲ! ರೇಡಿಯೇಟ್ರು ಮುಂದಕ್ಕೆ ತಳ್ದೆ, ಚಾಸಿ ಮೇಲೆ ಹೊಸಾ ಪಟ್ಟಿ ವೆಲ್ಡಿಂಗ್ ಮಾಡ್ದೆ, ಆದ್ರೂ ಬಾನೆಟ್ಟು ಮುಚ್ಚಲಿಲ್ಲ. ತಗಡು ತಟ್ಟಿ ಗೂನು ಮಾಡ್ದಲ್ಲ ನೀನು... ಊರೋರು 'ಮಾದಪ್ಪನ ಜೀಪು ಬಸುರಿ' ಅಂದ್ರು! ಹ್ಹ ಹ್ಹ ಹ್ಹ!

ಯಾಕೆ, ನಗು ಬರ್ಲಿಲ್ವಾ?

ಅವತ್ತು ಕೇಳ್ದೆ ನೀನು, ಹಾಲಿನ ಕ್ಯಾನು ಸಾಗ್ಸಕ್ಕೆ ಇಷ್ಟು ದೊಡ್ಡ ಇಂಜಿನ್ ಯಾಕೆ ಗೌಡ್ರೇ ಅಂತ. ಏರು ಹತ್ತಲ್ಲ ಅಂದೆ ನಾನು. ಏರು ಮೊದ್ಲೂ ಇತ್ತಲ್ಲಯ್ಯ... ಹೊಳೆ ಕಡೆ ತೋಟದಿಂದ ಬರೋವಾಗ ಅರ್ಧದಲ್ಲೇ ನಿಂತೋಗದು. ವಿಶಾಲು, ನಮ್ಮನೆಯೋಳು, ಸೆರಗು ಸಿಗ್ಸ್ಕಂಡು ದುಡುಂ ಅಂತ ಇಳಿಯೋಳು, ಹಿಂದಿನ ಚಕ್ರಕ್ಕೆ ಕಲ್ಲು ಕೊಡೋಳು. ನಾನು ಒಂಚೂರು ಮುಂದಕ್ಕೆ ಬುಡೋದು, ಅವಳು ಕಲ್ಲು ಎತ್ಕಂಡು ಹಿಂದಿಂದೇ ಬರೋದು. 'ಇದಕ್ಕಿಂತ ನಮ್ಮಪ್ಪನ ಮನೆ ಎತ್ತೇ ವಾಸಿ' ಅಂತ ದಾರಿಯುದ್ದಕ್ಕೂ ಬಯ್ಯೋಳು!

ಅವಳು ಜ್ವರದಲ್ಲಿ ಹೋದ್ಮೇಲೆ... ಒಂದಿನ ಏರಲ್ಲಿ ಬ್ರೇಕು ತುಳ್ಕಂಡು ಒಬ್ನೇ ಕೂತಿದ್ದೆ. ಇಳಿಯಂಗಿಲ್ಲ, ಹತ್ತಂಗಿಲ್ಲ. ಹಾಲು ಒಡೆದೋಯ್ತು. ಕಲ್ಲು ಕೊಡಕ್ಕೆ ಒಂದು ನರಪಿಳ್ಳೆ ಇಲ್ಲ... ಅದ್ಕೇ ದೊಡ್ ಇಂಜಿನ್ನು.

ಈಗ? ಈಗ ಸರ್ರಂತ ಹತ್ತುತ್ತೆ. ಎಲ್ಲೂ ನಿಲ್ಲಲ್ಲ, ಯಾರ ಕೈಯೂ ಬ್ಯಾಡ. ಡೈರೀಗೋಗು, ಮನೆಗ್ಬಾ. ಅಷ್ಟೇಯ.

ನೀನಿಲ್ಲಿ ಕೆಲ್ಸ ಮಾಡ್ವಾಗ ಪಡಸಾಲೇಲಿ ಮಲಗ್ತಿದ್ದಲ್ಲ, ಬೆಳಿಗ್ಗೆ ನಿನ್ ಸ್ಪ್ಯಾನರ್ ಸದ್ದಿಗೇ ನಂಗೆ ಎಚ್ಚರಾಗೋದು. ಉಪ್ಪು ಜಾಸ್ತಿ, ಖಾರ ಕಮ್ಮಿ ಅಂತ ನನ್ ಅಡಿಗೆಗೆ ಹೆಸರಿಡ್ತಿದ್ದೆ ನೀನು... ಹೆಸರಿಡೋರು ಇದ್ರೇ ಅಡಿಗೆ ಕಣಯ್ಯ.

ಆಂ? ಹೋದ್ಸಲ ಏನಾಗಿತ್ತು ಅಂತಾನಾ? ಡೀಸೆಲ್ ಪೈಪಲ್ಲಿ ಗಾಳಿ ತುಂಬ್ಕಂಡಿತ್ತು. ಅದ್ಕೂ ಮುಂಚೆ ಫ್ಯಾನ್ ಬೆಲ್ಟು ಸಡ್ಲಾಗಿತ್ತು. ಏನ್ಮಾಡನ, ನನ್ ಗ್ರಾಚಾರ... ಏ, ತಾಳು! ಬಾನೆಟ್ಟು ಎತ್ತೇ ಬುಟ್ಯಾ?

ಬ್ಯಾಟ್ರಿ ತಾವ ಏನ್ ನೋಡ್ತೀಯ? ಅದು ಚೆನ್ನಾಗದೆ. ಆ ವೈರಾ? ಕಳಚ್ಕಂಡಿರ್ಬೇಕು. ರೋಡು ನೋಡಿದ್ಯಲ್ಲ, ಗುಂಡಿಗಳು... ಇಲ್ದಿದ್ರೆ ಇಲಿ ಕಾಟ.

ಬಟ್ಟೆಯಾ? ಎಲ್ಲಿ? ಓ, ವೈರಿನ ತುದೀಗೆ ಬಟ್ಟೆ ಸುತ್ತಿರೋದಾ... ಅದು... ಎಲ್ಲಾರ ತಾಗಿ ಕಿಡಿ ಗಿಡಿ ಹಾರ್ದೆ ಇರ್ಲಿ ಅಂತ...

ಯಾಕಯ್ಯ ಅಂಗೆ ನೋಡ್ತೀಯ? ಏನಾರ ಅನ್ನು. ಬಯ್ಯಿ, ನಾನೇನೂ ಅನ್ಕಳಲ್ಲ. ನಿನ್ ಅರ್ಧ ದಿನ ಹಾಳು ಮಾಡ್ದೆ, ಬಯ್ಯೋ ಹಕ್ಕದೆ... ಸಿದ್ದಯ್ಯ? ಬಾಯಿ ಬುಡಯ್ಯ, ನಿನ್ ದಮ್ಮಯ್ಯ...

ಹೂಂ, ಸಿಗ್ಸು, ಸಿಗ್ಸು. ತಿರುಗ್ಸು ಕೀನ. ...ನೋಡ್ದಾ, ಒಂದೇ ಏಟ್ಗೆ! ಚೆನ್ನಾಗದೆ, ಬಲೇ ಚೆನ್ನಾಗದೆ ಇಂಜಿನ್ನು. ಸರಿ ಮತ್ತೆ. ಟೀನರಸೀಪುರದ ಬಸ್ಸು ಬರೋ ಹೊತ್ತಾಯ್ತು, ನಾನೇ ಸ್ಟಾಪಿನ್ ತಂಕ ಬುಟ್ಟು...

ಆಫ್ ಯಾಕಯ್ಯ ಮಾಡ್ದೆ?

ಎಲ್ಲಿಗೆ... ಚಪ್ಲಿ ಯಾಕೆ ಬಾಗ್ಲಲ್ಲಿ ಬುಡ್ತಾ ಇದೀಯ ಸಿದ್ದಯ್ಯ?

ಇರು... ಇರಿರು, ಒಲೆ ಹಚ್ತೀನಿ.